ಅಹಿಂಸಕನು ಅಂಗುಲಿಮಾಲನಾದ ಬಗೆ

ಅಂಗುಲಿಮಾಲನ ಕಥೆಯನ್ನು ಶಾಲೆಗಳಲ್ಲಿ ಬುದ್ಧನ ಮಹಿಮೆಯ ಕಥೆಯೆಂದೇ ಹೇಳುವುದು ವಾಡಿಕೆ. ಕೊಲೆಗಡುಕನು ಓಡುತ್ತಾನೆ, ಬುದ್ಧನು ನಡೆಯುತ್ತಾನೆ, ಆದರೂ ಹಿಡಿಯಲಾಗುವುದಿಲ್ಲ. ಅವನು ಶರಣಾಗುವಲ್ಲಿಗೆ ಪಾಠ ಮುಗಿಯುತ್ತದೆ. ಉಪಾಧ್ಯಾಯರಾದ ನಾವು ಮುಖ್ಯವಾಗಿ ಓದಬೇಕಾದ ಭಾಗ ಅದಕ್ಕಿಂತ ಹಿಂದಿನದು.

ಪಾಳಿಯ ಮಜ್ಝಿಮನಿಕಾಯದ ಮೂಲ ಸುತ್ತದಲ್ಲಿ ಅವನು ಬರುವಾಗಲೇ ದರೋಡೆಕಾರ. ಕೈ ರಕ್ತಸಿಕ್ತ, ಕೊರಳಲ್ಲಿ ಬೆರಳುಗಳ ಮಾಲೆ. ಹೀಗೇಕಾದನೆಂಬುದನ್ನು ಸುತ್ತ ಹೇಳುವುದಿಲ್ಲ. ಶತಮಾನಗಳ ತರುವಾಯ ಬಂದ ಅಟ್ಠಕಥಾಕಾರನಿಗೆ ಈ ಮೌನ ಸಾಲದೆನಿಸಿರಬೇಕು. ಬಾಲ್ಯದ ವೃತ್ತಾಂತವೊಂದನ್ನು ಅವನು ಒದಗಿಸಿದನು. ಕೋಸಲರಾಜನ ಪುರೋಹಿತನ ಮನೆಯಲ್ಲಿ ಮಗು ಚೋರನಕ್ಷತ್ರದಲ್ಲಿ ಹುಟ್ಟಿತು. ಆ ರಾತ್ರಿ ನಗರದ ಆಯುಧಗಳು ತಾವಾಗಿ ಝಗಝಗಿಸಿದವು. ಯಾರಿಗೂ ಕೇಡಾಗಲಿಲ್ಲವಾದ್ದರಿಂದ ‘ಅಹಿಂಸಕ’ ಎಂದು ಹೆಸರಿಟ್ಟು, ಬೆಳೆದ ಮೇಲೆ ವಿದ್ಯೆಗೆಂದು ತಕ್ಷಶಿಲೆಗೆ ಕಳುಹಿಸಿದರು.

ಹುಡುಗ ಬುದ್ಧಿವಂತ, ವಿಧೇಯ. ಅದೇ ಅವನಿಗೆ ಮುಳುವಾಯಿತು. ಹೊಟ್ಟೆಕಿಚ್ಚಿನ ಸಹಪಾಠಿಗಳು ಗುರುಪತ್ನಿಯೊಡನೆ ಅವನ ಹೆಸರನ್ನು ಸೇರಿಸಿ, ತಂಡತಂಡವಾಗಿ ಬಂದು ಚಾಡಿ ಹೇಳಿದರು. ಗುರು ಕೊನೆಗೆ ನಂಬಿದನು. ತಾನೇ ಕೊಂದರೆ ಮುಂದೆ ಶಿಷ್ಯರಾರೂ ಬರಲಾರರೆಂದು ಲೆಕ್ಕಹಾಕಿ, ಸಾವಿರ ಕೊಲೆಗಳನ್ನು ಗುರುದಕ್ಷಿಣೆಯಾಗಿ ಕೇಳಿದನು. ಹಿಂಸೆಯನ್ನರಿಯದ ಕುಲದವನು ನಾನೆಂದು ಹುಡುಗ ಹಿಂಜರಿದನು. ದಕ್ಷಿಣೆಯಿಲ್ಲದ ವಿದ್ಯೆ ಫಲಿಸದೆಂಬ ಮಾತಿಗೆ ತಲೆಬಾಗಿದನು.

ನಕ್ಷತ್ರದ ಪ್ರಸಂಗ ಈ ವೃತ್ತಾಂತದ ದುರ್ಬಲ ಭಾಗವೆಂದೇ ನನ್ನ ಅಭಿಪ್ರಾಯ. ಅಟ್ಠಕಥಾಕಾರನು ವಿಧಿಯನ್ನು ಮುಂದಿಟ್ಟು ಹೊರಟರೂ, ಕಥೆಯನ್ನು ನಡೆಸುವುದು ಚಾಡಿ, ಅನುಮಾನ, ಗುರುವಿನ ಲೆಕ್ಕಾಚಾರ. ಇಲ್ಲಿ ಬಡತನವಿಲ್ಲ, ಬೀದಿಯ ಪೋಲಿ ಸಹವಾಸವಿಲ್ಲ. ಒಳ್ಳೆಯ ಮನೆಯ ಹುಡುಗನನ್ನು ಹೆಸರಾಂತ ವಿದ್ಯಾಸ್ಥಾನವೇ ಕೆಡಿಸಿತು, ಅದೂ ಅವನ ವಿಧೇಯತೆಯನ್ನೇ ಹಿಡಿದು. (ಹೇಳಿದಂತೆ ಕೇಳುತ್ತಾನೆಂದು ಪ್ರಗತಿಪತ್ರದಲ್ಲಿ ನಾವು ಹೊಗಳಿ ಬರೆಯುವ ಗುಣವದು.)

ಹಾಗೆಂದು ವಿಧಿಯನ್ನು ಕೆಳಗಿಳಿಸಿ ಆ ಪೀಠದಲ್ಲಿ ಬಾಲ್ಯವನ್ನು ಕೂರಿಸುವುದೂ ಸರಿಯಲ್ಲ. ಅಮೆರಿಕದ ಸಂಶೋಧಕಿ ಕ್ಯಾಥಿ ಸ್ಪಾಟ್ಜ್ ವಿಡಮ್ 1989ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಎಳವೆಯಲ್ಲಿ ಹಿಂಸೆಗೋ ನಿರ್ಲಕ್ಷ್ಯಕ್ಕೋ ಗುರಿಯಾದ 908 ಮಕ್ಕಳಲ್ಲಿ ಶೇಕಡ 26 ಮಂದಿ ಬಾಲಾಪರಾಧಕ್ಕಾಗಿ ಬಂಧಿತರಾದರು. ಹೋಲಿಕೆಯ ಗುಂಪಿನಲ್ಲಿ ಶೇಕಡ 17. ವ್ಯತ್ಯಾಸ ಅಲಕ್ಷಿಸತಕ್ಕದ್ದಲ್ಲ, ಆದರೂ ನೊಂದ ಮಕ್ಕಳಲ್ಲಿ ಬಹುಪಾಲು ಆ ದಾರಿ ಹಿಡಿಯಲಿಲ್ಲ.

ಮೂಲ ಸುತ್ತಕ್ಕೂ ಮನುಷ್ಯ ಬದಲಾಗಬಲ್ಲನೆಂಬ ಅರಿವುಂಟು. ಭಿಕ್ಷುವಾದ ಅಂಗುಲಿಮಾಲನು ಪ್ರಸವವೇದನೆಯಲ್ಲಿದ್ದ ಹೆಂಗಸನ್ನು ಕಂಡು ಮರುಗುತ್ತಾನೆ. ಹುಟ್ಟಿದಂದಿನಿಂದ ಬೇಕೆಂದು ಜೀವ ತೆಗೆದವನಲ್ಲವೆಂದು ಆಕೆಯ ಮುಂದೆ ಸತ್ಯವಚನ ನುಡಿಯೆಂದು ಬುದ್ಧನು ಹೇಳಿದಾಗ, ಅದು ಸುಳ್ಳಾಗುವುದಲ್ಲ ಎನ್ನುತ್ತಾನೆ. ಬುದ್ಧನು ಮಾತನ್ನು ತಿದ್ದಿ, ಆರ್ಯಜನ್ಮ ಪಡೆದಂದಿನಿಂದ ಎಂದು ಹೇಳಿಸುತ್ತಾನೆ. ಆ ನುಡಿಯಿಂದ ತಾಯಿಗೂ ಶಿಶುವಿಗೂ ಕ್ಷೇಮವಾಗುತ್ತದೆ. ಆದರೆ ಹಿಂದಿನ ಲೆಕ್ಕ ಅಳಿಸಿಹೋಗುವುದಿಲ್ಲ. ಭಿಕ್ಷೆಗೆ ಹೋದವನಿಗೆ ಒಬ್ಬನ ಹೆಂಟೆ, ಒಬ್ಬನ ಕೋಲು, ಮತ್ತೊಬ್ಬನ ಹರಳು ತಗಲುತ್ತವೆ. ತಲೆಯೊಡೆದು, ಪಾತ್ರೆಯೊಡೆದು, ಹರಿದ ಬಟ್ಟೆಯಲ್ಲಿ ಹಿಂತಿರುಗುತ್ತಾನೆ. ಸಹಿಸಿಕೋ ಎನ್ನುತ್ತಾನೆ ಬುದ್ಧ. ನಮ್ಮ ಪಾಠ ಶರಣಾಗತಿಯಲ್ಲೇ ನಿಲ್ಲುವುದರಿಂದ ಈ ಎರಡು ಪ್ರಸಂಗಗಳೂ ಮಕ್ಕಳ ಕಿವಿಗೆ ಬೀಳುವುದೇ ಇಲ್ಲ.