ಗಾಜಿನ ಹಿಂದಿನ ಮೌನ: ನೆಪೊಮುಕ್‌ನ ಸಂತ ಜಾನನ ಜನಪದ ಚಿತ್ರಗಳು

ಬೊಹೀಮಿಯದ ಹುತಾತ್ಮ ಸಂತನಾದ ನೆಪೊಮುಕ್‌ನ ಜಾನನ ಗಾಜಿನ ಚಿತ್ರಗಳನ್ನು ಬರೋಕ್ ಶಿಲ್ಪದ ಒರಟು ನಕಲುಗಳೆಂದು ಬದಿಗೆ ಸರಿಸುವುದುಂಟು. ಇದು ಅರ್ಧಸತ್ಯ. ಇವುಗಳ ಮಾದರಿ ಪ್ರಾಗ್ ನಗರದ ಚಾರ್ಲ್ಸ್ ಸೇತುವೆಯ ಮೇಲೆ 1683ರಲ್ಲಿ ನಿಂತ ಕಂಚಿನ ಪ್ರತಿಮೆಯೆಂಬುದು ನಿಜವೇ. ಆದರೆ ಆಸ್ಟ್ರಿಯದ ಸಾಂಡ್ಲ್, ಬವೇರಿಯದ ರೈಮುಂಡ್ಸ್‌ರಾಯ್ಟ್ ಮುಂತಾದ ಹಳ್ಳಿಗಳಲ್ಲಿ 18–19ನೆಯ ಶತಮಾನಗಳಲ್ಲಿ ಮನೆಮಂದಿಯೆಲ್ಲ ಕೂಡಿ ಬರೆದ, ಹೊತ್ತು ಮಾರುವವರ ಮೂಲಕ ರೈತರ ಮನೆಗಳನ್ನು ಸೇರಿದ ಈ ಚಿತ್ರಗಳು ಮಾದರಿಯನ್ನು ಅನುಸರಿಸುವುದಕ್ಕಿಂತ ಹೆಚ್ಚಾಗಿ ಸೋಸುತ್ತವೆ.

ಚರಿತ್ರೆಯ ಜಾನ್ ಪ್ರಾಗ್ ಆರ್ಚ್‌ಬಿಷಪ್ಪನ ಪ್ರಧಾನ ಪ್ರತಿನಿಧಿ. ಮಠವೊಂದರ ಅಧಿಪತಿಯ ಆಯ್ಕೆಯನ್ನು ದೃಢೀಕರಿಸಿದ ಕಾರಣಕ್ಕೆ ರಾಜ ನಾಲ್ಕನೆಯ ವೆಂಚೆಸ್ಲಾಸನ ಕೋಪಕ್ಕೆ ತುತ್ತಾಗಿ, 1393ರ ಮಾರ್ಚ್ 20ರಂದು ಚಿತ್ರಹಿಂಸೆ ಅನುಭವಿಸಿ ವ್ಲ್ತಾವ ನದಿಯ ಪಾಲಾದ. ರಾಣಿಯ ಪಾಪನಿವೇದನೆಯ ಗುಟ್ಟನ್ನು ಬಿಟ್ಟುಕೊಡದೆ ಸತ್ತನೆಂಬ ಐತಿಹ್ಯ ಅನಂತರದ್ದು. 1541ರಲ್ಲಿ ಹಾಯೆಕನ ವೃತ್ತಾಂತ ಒಬ್ಬ ಜಾನನನ್ನು ಇಬ್ಬರನ್ನಾಗಿಸಿ, ಗುಟ್ಟು ಕಾದವನ ಸಾವನ್ನು 1383ಕ್ಕೆ ಒಯ್ದಿತು. 1729ರಲ್ಲಿ ಸಂತಪದವಿ ದೊರೆತದ್ದು ಆ ತಪ್ಪು ವರ್ಷದೊಡನೆಯೇ. ಪಾಠಾಂತರಗಳೊಡನೆ ಹೆಣಗುವವರಿಗೆ ಇದರಲ್ಲಿ ಅಚ್ಚರಿಯೇನೂ ಇರದು.

ಮೈಸೂರು, ತಂಜಾವೂರುಗಳ ಗಾಜಿನ ಚಿತ್ರಗಳನ್ನು ಬಲ್ಲವರಿಗೆ ಈ ರಚನಾವಿಧಾನ ಪರಿಚಿತ. ಗಾಜಿನ ಹಿಂಬದಿಯಲ್ಲಿ ಮೊದಲು ಗೆರೆ, ಬಳಿಕ ಮೈಬಣ್ಣ, ಕೊನೆಗೆ ಹಿನ್ನೆಲೆ. ಹುಬ್ಬಿನ ಗೆರೆ ತಪ್ಪಿದರೆ ಮೇಲೆ ಬಣ್ಣ ಬಳಿದು ಮುಚ್ಚುವಂತಿಲ್ಲ. ಆದುದರಿಂದ ಚಿತ್ರಕಾರ ಕೈಗೆ ರೂಢಿಯಾದ ಕೆಲವೇ ಲಕ್ಷಣಗಳನ್ನು ನೆಚ್ಚುತ್ತಾನೆ: ಚೌಕ ಟೋಪಿ, ತೋಳಿಗೊರಗಿದ ಶಿಲುಬೆ, ತಲೆಯ ಸುತ್ತ ಐದು ನಕ್ಷತ್ರ, ಕೆಲವೆಡೆ ತುಟಿಯ ಮೇಲಿಟ್ಟ ಬೆರಳು. ಸಂತ ಲಾರೆನ್ಸನನ್ನು ಕಬ್ಬಿಣದ ಕಾವಲಿಯಿಂದ, ಸೆಬಾಸ್ಟಿಯನ್ನನನ್ನು ಬಾಣಗಳಿಂದ ಗುರುತಿಸುತ್ತೇವೆ. ಹಿಂಸಿಸಿದ ವಸ್ತುವೇ ಅಲ್ಲಿ ಲಾಂಛನ. ಇಲ್ಲಿ ನದಿ ಎಷ್ಟೋ ಚಿತ್ರಗಳಲ್ಲಿ ಕಾಣಿಸದು, ಕಂಡರೂ ಮೂಲೆಯ ಒಂದು ನೀಲಿ ಪಟ್ಟಿ. ಶವ ತೇಲಿದೆಡೆ ಮಿನುಗಿದವೆಂಬ ನಕ್ಷತ್ರಗಳು ಮಾತ್ರ ಉಳಿದಿವೆ. ಹಿಂಸೆಯನ್ನು ಹೀಗೆ ಹೊರಗಿಟ್ಟು ಮೌನವನ್ನೇ ಮುಖವಾಗಿಸಿದ್ದು ಹಳ್ಳಿಯ ಚಿತ್ರಕಾರನ ಅಸಾಮರ್ಥ್ಯವಲ್ಲ, ಆಯ್ಕೆ ಎಂದು ನನ್ನ ಅಭಿಪ್ರಾಯ.

1415ರಲ್ಲಿ ಸುಡಲ್ಪಟ್ಟ ಯಾನ್ ಹುಸ್‌ನ ನೆನಪನ್ನು ಅಳಿಸಲು ಜೆಸ್ಯುಯಿಟರು ಈ ಜಾನನನ್ನು ಮುಂದೆ ತಂದರೆಂಬ ಆಕ್ಷೇಪವನ್ನು ಸುಲಭವಾಗಿ ತಳ್ಳಿಹಾಕಲಾಗದು. ಆದರೂ ಸೇತುವೆಯ ಬಳಿ ನೆರೆಯ ಭಯಕ್ಕೂ ಮನೆಯೊಳಗೆ ಚಾಡಿಯ ಭಯಕ್ಕೂ ಈ ಸಂತನನ್ನು ನಿಲ್ಲಿಸಿಕೊಂಡ ರೈತನಿಗೆ ಆ ವಾದದಲ್ಲಿ ಎಡೆಯಿಲ್ಲ. 1719ರಲ್ಲಿ ಸಮಾಧಿ ತೆರೆದಾಗ ದೊರೆತ, ಕೊಳೆಯದ ನಾಲಗೆಯೆಂದು ಪೂಜೆಗೊಂಡ ಅವಶೇಷ ಮಿದುಳಿನ ಅಂಗಾಂಶವೆಂದು 1970ರ ದಶಕದ ಪರೀಕ್ಷೆ ಹೇಳಿತು. ಅಷ್ಟರೊಳಗೆ ಗಾಜಿನ ಕಸುಬೇ ಮುಗಿದಿತ್ತು. ಬಣ್ಣದ ಶಿಲಾಮುದ್ರಣಗಳು ಅದರ ಜಾಗಕ್ಕೆ ಬಂದಿದ್ದವು. ಅವುಗಳಲ್ಲಿ ಸಂತನ ಕಣ್ಣು ತುಂಬಿ ಬರುತ್ತದೆ. ಗಾಜಿನ ಜಾನ್ ಅಳುವುದಿಲ್ಲ.