ಕಥೆಗಾರರ ದನಿ ಎಲ್ಲಿರುತ್ತದೆ

ಕಥೆ, ಕಾದಂಬರಿ ಬರೆಯುವವರಿಗೆ ತಮ್ಮದೇ ಆದ ದನಿ ಇರುತ್ತದೆಯೆ, ಇಲ್ಲವೆ ಊರು, ಜಾತಿ, ಕಾಲ, ಪಂಥ ಕೊಟ್ಟದ್ದನ್ನೇ ಅವರು ಆಡುತ್ತಾರೆಯೆ? ಈ ಪ್ರಶ್ನೆಯನ್ನು ಒರೆಗೆ ಹಚ್ಚಲು ಕನ್ನಡದಲ್ಲಿ ತೀರ್ಥಹಳ್ಳಿ, ಸಾಗರದ ಸೀಮೆಗಿಂತ ಒಳ್ಳೆಯ ಜಾಗವಿಲ್ಲ. ಕುವೆಂಪು ಬೆಳೆದ ಕುಪ್ಪಳಿ, ಯು.ಆರ್. ಅನಂತಮೂರ್ತಿ ಹುಟ್ಟಿದ ಮೇಳಿಗೆ, ಎಂ.ಕೆ. ಇಂದಿರಾ ಹುಟ್ಟಿದ ತೀರ್ಥಹಳ್ಳಿ, ಮೂರೂ ಒಂದೇ ತಾಲ್ಲೂಕಿನವು. ಅದೇ ಮಳೆ, ಅದೇ ಅಡಿಕೆ ತೋಟ, ಅದೇ ತುಂಗೆ. ದನಿಯನ್ನು ನೆಲವೇ ಕೊಡುವುದಾದರೆ ಇವರ ಪುಟಗಳು ಒಂದರಂತೆ ಒಂದು ಕೇಳಿಸಬೇಕಿತ್ತು. ಹಾಗೆ ಕೇಳಿಸುವುದಿಲ್ಲ.

ಹಾಗಾದರೆ ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಸಾಗರದ ಪಕ್ಕದ ಹೆಗ್ಗೋಡಿನಲ್ಲಿ ಒಂದು ಸುಳಿವಿದೆ. 1949ರಲ್ಲಿ ಹುಟ್ಟಿದ ನೀನಾಸಮ್ ರಂಗಸಂಸ್ಥೆ ಮತ್ತು ಕೆ.ವಿ. ಸುಬ್ಬಣ್ಣನವರು ಕಟ್ಟಿದ ಅಕ್ಷರ ಪ್ರಕಾಶನ, ಪುಸ್ತಕವನ್ನೂ ರಂಗಭೂಮಿಯನ್ನೂ ಒಂದೇ ಅಂಗಳಕ್ಕೆ ತಂದವು. ಕಾದಂಬರಿಯನ್ನು ರಂಗಕ್ಕೆ ತರುವವರಿಗೆ ಮೊದಲು ಎದುರಾಗುವ ತೊಡಕು ನಿರೂಪಕನದು. ಪಾತ್ರಗಳ ಮಾತನ್ನು ನಟರು ಹಂಚಿಕೊಳ್ಳುತ್ತಾರೆ. ಆಮೇಲೂ ಯಾರಿಗೂ ಸೇರದ ಒಂದು ಮಾತು ಉಳಿದುಬಿಡುತ್ತದೆ. ಮೈಸೂರಿನ ರಂಗಾಯಣ 2010ರಲ್ಲಿ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ರಾತ್ರಿಯಿಡೀ ಆಡಿದಾಗ ಆ ಉಳಿಕೆಯ ಮಾತಿಗಾಗಿಯೇ ಕಥೆ ಹೇಳುವ ಜೋಗಿಗಳು ರಂಗಕ್ಕೆ ಬರಬೇಕಾಯಿತು. ಲೇಖಕರ ದನಿಯನ್ನು ಹುಡುಕಬೇಕಾದದ್ದು ಆ ಉಳಿಕೆಯಲ್ಲಿ.

ಅದು ಪ್ರಾದೇಶಿಕ ನುಡಿಯಲ್ಲಿ ಸಿಗುವುದಿಲ್ಲ. ನುಡಿ ಊರಿನವರೆಲ್ಲರ ಸೊತ್ತು. ಹೇಳುವವರು ಹೇಳುವ ವಿಷಯದಿಂದ ಎಷ್ಟು ದೂರ ನಿಂತಿದ್ದಾರೆ, ಯಾವುದಕ್ಕೆ ಅವಸರಪಡುತ್ತಾರೆ, ಎಲ್ಲಿ ನಿಂತುಬಿಡುತ್ತಾರೆ ಎಂಬಲ್ಲಿ ಅದು ಸಿಗುತ್ತದೆ. ‘ಸಂಸ್ಕಾರ’ದ (1965) ನಿರೂಪಕ ಪ್ರಾಣೇಶಾಚಾರ್ಯರ ಮನಸ್ಸಿನೊಳಕ್ಕೇ ಇಳಿಯುತ್ತಾನೆ. ಅವರ ಹಸಿವು, ಕಾಮ, ಭಯ ಯಾವುದನ್ನೂ ಮುಚ್ಚಿಡುವುದಿಲ್ಲ. ಆದರೂ ‘ಆಚಾರ್ಯರು’ ಎಂಬ ಬಹುವಚನವನ್ನು ಬಿಡುವುದಿಲ್ಲ. ಒಳಹೊಕ್ಕ ಸಲಿಗೆ, ಹೊರಗೆ ನಿಂತ ಗೌರವ, ಎರಡನ್ನೂ ಒಟ್ಟಿಗೆ ಹಿಡಿದ ಈ ಬಿಗಿ ಅನಂತಮೂರ್ತಿಯವರದೇ. ಇಂದಿರಾ ‘ಫಣಿಯಮ್ಮ’ದಲ್ಲಿ (1976) ಅದೇ ಸೀಮೆಯ ಬ್ರಾಹ್ಮಣ ಮನೆಯ ಬಾಲವಿಧವೆಯ ಕಥೆ ಹೇಳುತ್ತಾರೆ. ಅಲ್ಲಿ ಈ ಬಿಗಿಯ ಸುಳಿವೇ ಇಲ್ಲ. ಹೆಂಗಸರ ಬಾಯಿಂದ ಬಾಯಿಗೆ ಬಂದ ಕಥೆಯನ್ನು ಅಷ್ಟೇ ನಂಬಿಕೆಯಿಂದ ಮುಂದಿನವರಿಗೆ ದಾಟಿಸುವ ದನಿ ಅದು. ಕ್ರೌರ್ಯದ ಎದುರೂ ಗಂಟಲು ಏರುವುದಿಲ್ಲ.

ನೆಲದ ವಾದಕ್ಕೆ ಬಲವಾದ ಉತ್ತರ ಒಂದೇ ಮನೆಯೊಳಗಿದೆ. ಕುವೆಂಪು ಮತ್ತು ಅವರ ಮಗ ಪೂರ್ಣಚಂದ್ರ ತೇಜಸ್ವಿ ಇಬ್ಬರ ಕಾದಂಬರಿಯಲ್ಲೂ ಒಂದೊಂದು ನಾಯಿಯಿದೆ. ‘ಮದುಮಗಳು’ವಿನ (1967) ಗುತ್ತಿ ಹೋದಲ್ಲೆಲ್ಲ ‘ಹುಲಿಯ’ ಎಂಬ ನಾಯಿ ಹಿಂಬಾಲಿಸುತ್ತದೆ. ನಿರೂಪಕ ಮನುಷ್ಯರ ಅಂತರಂಗಕ್ಕೆ ಕೊಡುವಷ್ಟೇ ಜಾಗವನ್ನು ಅದಕ್ಕೂ ಕೊಡುತ್ತಾನೆ. ತುಂಗೆಯ ನೆರೆಯಲ್ಲಿ ಅದು ಕೊಚ್ಚಿಹೋಗುವಾಗ ವಾಕ್ಯಗಳು ಮಹಾಕಾವ್ಯದ ನಡಿಗೆಗೆ ಏರುತ್ತವೆ. ‘ಕರ್ವಾಲೊ’ದ (1980) ‘ಕಿವಿ’ ಎಂಬ ನಾಯಿಯ ಒಳಕ್ಕೆ ತೇಜಸ್ವಿ ಇಳಿಯುವುದಿಲ್ಲ. ಅದು ಏನು ಮಾಡಿತು, ಅದರಿಂದ ಏನಾಯಿತು ಎಂಬುದನ್ನು ಪಕ್ಕದಲ್ಲೇ ನಡೆಯುತ್ತಿದ್ದ ಕೃಷಿಕನೊಬ್ಬ ಹೇಳಿದಂತೆ ಹೇಳಿ ಮುಂದೆ ಹೋಗುತ್ತಾರೆ. ತಂದೆ ಎತ್ತರದಿಂದ ಎಲ್ಲವನ್ನೂ ಒಮ್ಮೆಗೇ ಕಾಣುತ್ತಾರೆ. ಮಗನಿಗೆ ಕಾಡಿನ ಮುಂದಿನ ತಿರುವು ಇನ್ನೂ ಗೊತ್ತಿಲ್ಲ. ‘ಕರ್ವಾಲೊ’ದ ಕುತೂಹಲವೆಲ್ಲ ಆ ಗೊತ್ತಿಲ್ಲದಿರುವಿಕೆಯಿಂದಲೇ ಹುಟ್ಟಿದ್ದು.

ತೇಜಸ್ವಿಯವರಿಗೆ ಈ ದನಿ ಹುಟ್ಟಿನಿಂದ ಬಂದದ್ದಲ್ಲ ಎಂಬುದು ಇನ್ನೂ ಮುಖ್ಯ. ಅವರ 1966ರ ‘ಸ್ವರೂಪ’ ನವ್ಯ ಪಂಥದ ಕಾದಂಬರಿ. ತನ್ನೊಳಗೇ ಸುತ್ತುವ ಆ ಮಾತನ್ನು ಆ ಕಾಲದ ಬೇರೆ ಹಲವರೂ ಆಡುತ್ತಿದ್ದರು. 1973ರ ‘ಅಬಚೂರಿನ ಪೋಸ್ಟಾಫೀಸು’ ಸಂಕಲನದ ಮುನ್ನುಡಿಯಲ್ಲಿ ಅವರು ನವ್ಯದ ದಾರಿಯನ್ನು ಬಿಟ್ಟುದನ್ನು ಬಹಿರಂಗವಾಗಿ ಸಾರಿದರು. ಪಂಥವೊಂದು ಬರಹಗಾರನಿಗೆ ದನಿಯನ್ನು ಸಾಲ ಕೊಡಬಲ್ಲದು; ಸಾಲ ತೀರಿಸಿದ ಮೇಲೆ ಕೇಳಿಸುವುದು ಅವನದು. ಒಳ್ಳೆಯ ಲೇಖಕರಲ್ಲೂ ಹಲವರು ಅಲ್ಲಿಯವರೆಗೆ ಹೋಗಲಿಲ್ಲ ಎಂಬುದನ್ನೂ ಒಪ್ಪಬೇಕು. ನವ್ಯದ ದಿನಗಳ ಎಷ್ಟೋ ಕಥೆಗಳಲ್ಲಿ ಹೆಸರು ಮುಚ್ಚಿದರೆ ಬರೆದವರು ಯಾರೆಂದು ಹೇಳುವುದು ಕಷ್ಟ.

ಗಣಕದಲ್ಲಿ ಪದ ಎಣಿಸಿ ಲೇಖಕರನ್ನು ಗುರುತಿಸುವ ವಿಧಾನವೂ ಈಗ ಇದೆ. ರಾಬರ್ಟ್ ಗಾಲ್‌ಬ್ರೇತ್ ಎಂಬ ಹೆಸರಿನಲ್ಲಿ ಪತ್ತೇದಾರಿ ಕಾದಂಬರಿ ಬರೆದವರು ಜೆ.ಕೆ. ರೌಲಿಂಗ್ ಎಂಬ ಗುಮಾನಿಗೆ 2013ರಲ್ಲಿ ಅಂಥ ಎಣಿಕೆಯ ಬೆಂಬಲ ಸಿಕ್ಕಿತು. ಎಣಿಕೆ ಕೈಬೆರಳಿನ ಗುರುತನ್ನು ಹಿಡಿಯುತ್ತದೆ. ದನಿ ಹಿಡಿಯಲು ಗಟ್ಟಿಯಾಗಿ ಓದಬೇಕು.

ಹಾಗೆ ಓದಿದಾಗ ಮಾತ್ರ ತನ್ನ ಬೆಲೆ ತೋರಿಸುವ ಇನ್ನೊಂದು ದನಿ ಸಾಗರದಲ್ಲೇ ಇತ್ತು. ಲೋಕೋಪಯೋಗಿ ಇಲಾಖೆಯಲ್ಲಿ ನೌಕರರಾಗಿದ್ದು, ಶರಾವತಿ ಯೋಜನೆಯನ್ನು ಹತ್ತಿರದಿಂದ ಕಂಡ ನಾ. ಡಿಸೋಜ (1937–2025), ಲಿಂಗನಮಕ್ಕಿ ಅಣೆಕಟ್ಟೆಯ ನೀರಿನಲ್ಲಿ ಮುಳುಗಿದ ಊರುಗಳನ್ನು ‘ಮುಳುಗಡೆ’, ‘ದ್ವೀಪ’ದಂಥ ಕಾದಂಬರಿಗಳಲ್ಲಿ ಬರೆದರು. ‘ದ್ವೀಪ’ದಲ್ಲಿ ನೀರು ಏರುತ್ತದೆ, ಒಂದು ಸಂಸಾರ ಗುಡ್ಡದ ಮೇಲೆ ಉಳಿಯುತ್ತದೆ. ನಿರೂಪಕ ಅಳುವುದಿಲ್ಲ, ದೂರುವುದಿಲ್ಲ. ನೀರು ಎಲ್ಲಿಗೆ ಬಂತು ಎಂಬುದನ್ನು ದಿನಚರಿಯಂತೆ ಹೇಳುತ್ತಾ ಹೋಗುತ್ತಾನೆ. ಗಿರೀಶ ಕಾಸರವಳ್ಳಿಯವರ 2002ರ ಚಿತ್ರದಿಂದ ಕಥೆ ಹೆಸರಾಯಿತು. 2014ರಲ್ಲಿ ಮಡಿಕೇರಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯೂ ಡಿಸೋಜರಿಗೆ ಬಂತು. ಅವರ ವಸ್ತುವನ್ನು ಮೆಚ್ಚಿದಷ್ಟು ಅವರ ಗದ್ಯವನ್ನು ಕನ್ನಡ ವಿಮರ್ಶೆ ಮೆಚ್ಚಲಿಲ್ಲ. ಆ ಸರಳತೆಯನ್ನು ಕಸುಬಿನ ಕೊರತೆ ಎಂದು ಬಗೆದದ್ದು ತಪ್ಪು. ‘ದ್ವೀಪ’ವನ್ನು ಒಮ್ಮೆ ಗಟ್ಟಿಯಾಗಿ ಓದಿ ನೋಡಬೇಕು.