ಕೊಟ್ಟವರ ಕೈಗೆ ಸಿಗದ ಕಡಿವಾಣ

1965ರ ಸೆಪ್ಟೆಂಬರಿನಲ್ಲಿ ಪಂಜಾಬಿನ ಅಸಲ್ ಉತ್ತರ್ ಗ್ರಾಮದ ಬಳಿ ನಮ್ಮ ಸೈನಿಕರು ಕಬ್ಬಿನ ಗದ್ದೆಗಳ ಮರೆಯಲ್ಲಿ ಹೊಂಚು ಹಾಕಿ ಕುಳಿತಿದ್ದರು. ನೀರು ಬಿಟ್ಟು ಕೆಸರು ಮಾಡಿದ್ದ ಹೊಲಗಳಲ್ಲಿ ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳು ಹೂತುಕೊಂಡವು. ಕಮ್ಯುನಿಸಂ ತಡೆಯಲೆಂದು ಅಮೆರಿಕ ಕೊಟ್ಟಿದ್ದ ಟ್ಯಾಂಕುಗಳವು. ನೆರವು ದುರ್ಬಳಕೆಯಾದರೆ ತಕ್ಷಣ ಕ್ರಮ ಕೈಗೊಳ್ಳುವುದಾಗಿ ಅಧ್ಯಕ್ಷ ಐಸೆನ್‌ಹೋವರ್ 1954ರಲ್ಲೇ ನೆಹರೂ ಅವರಿಗೆ ಪತ್ರ ಬರೆದಿದ್ದರು. ಯುದ್ಧ ಬಂದಾಗ ಅಮೆರಿಕ ಕೈಗೊಂಡ ಕ್ರಮವೆಂದರೆ ಎರಡೂ ದೇಶಗಳಿಗೆ ಶಸ್ತ್ರ ಪೂರೈಕೆ ನಿಲ್ಲಿಸಿದ್ದು. ಭಾರತಕ್ಕೆ ಸಮಾಧಾನವಾಗಲಿಲ್ಲ, ಅಮೆರಿಕದ ಶಸ್ತ್ರಗಳನ್ನೇ ನೆಚ್ಚಿದ್ದ ಪಾಕಿಸ್ತಾನ ಮುನಿಸಿಕೊಂಡು ಚೀನಾದತ್ತ ಇನ್ನಷ್ಟು ವಾಲಿತು.

ಸೇನಾ ನೆರವು ಪರರಾಷ್ಟ್ರ ನೀತಿಯ ಅಗ್ಗದ ಅಸ್ತ್ರ ಎಂಬ ವಾದವನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಪೆಶಾವರದ ಬಳಿಯ ನೆಲೆಯಿಂದ ಅಮೆರಿಕ ಸೋವಿಯತ್ ಒಕ್ಕೂಟದ ಮೇಲೆ ಕಣ್ಣಿಟ್ಟಿತು. ಎಂಬತ್ತರ ದಶಕದಲ್ಲಿ ಆಫ್ಘನ್ ಮುಜಾಹಿದೀನರಿಗೆ ಶಸ್ತ್ರ ಮುಟ್ಟಿಸಿದ್ದೂ ಪಾಕಿಸ್ತಾನದ ಮೂಲಕವೇ. ಜಾಗ ಬೇಕಿತ್ತು, ದಾರಿ ಬೇಕಿತ್ತು, ಎರಡೂ ಸಿಕ್ಕವು. ಸಿಗದೇ ಹೋದದ್ದು ವಿಧೇಯತೆ.

ಇದಕ್ಕೆ ಪ್ರೆಸ್ಲರ್ ತಿದ್ದುಪಡಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಪಾಕಿಸ್ತಾನದ ಬಳಿ ಅಣ್ವಸ್ತ್ರವಿಲ್ಲವೆಂದು ಅಮೆರಿಕದ ಅಧ್ಯಕ್ಷರು ವರ್ಷವರ್ಷವೂ ದೃಢೀಕರಿಸಿದರೆ ಮಾತ್ರ ನೆರವು ಎನ್ನುತ್ತಿತ್ತು 1985ರ ಈ ಕಾನೂನು. ಆಫ್ಘಾನಿಸ್ತಾನದಲ್ಲಿ ಸೋವಿಯತ್ ಸೇನೆ ಇರುವತನಕ ಪ್ರಮಾಣಪತ್ರಕ್ಕೆ ಸಹಿ ಬೀಳುತ್ತಲೇ ಹೋಯಿತು. ಸೇನೆ 1989ರಲ್ಲಿ ಹೊರಟಿತು. 1990ರಲ್ಲಿ ಸಹಿ ನಿಂತಿತು. ಅಷ್ಟರಲ್ಲಿ ಪಾಕಿಸ್ತಾನ ದುಡ್ಡು ಕೊಟ್ಟಿದ್ದ 28 ಎಫ್-16 ವಿಮಾನಗಳು ಸಿದ್ಧವಾದರೂ ಅರಿಜೋನಾದ ಮರುಭೂಮಿಯಲ್ಲೇ ಉಳಿದವು. ಅಣುಬಾಂಬಿನ ಕೆಲಸ ಮಾತ್ರ ನಿಲ್ಲಲಿಲ್ಲ. 1998ರಲ್ಲಿ ಅಣುಪರೀಕ್ಷೆಗೆ ಚಾಗೈ ಬೆಟ್ಟ ನಡುಗಿತು. ಬಿಗಿಯಬೇಕಾದಾಗ ಸಡಿಲ ಬಿಟ್ಟು, ಕುದುರೆ ಓಡಿದ ಮೇಲೆ ಎಳೆದ ಕಡಿವಾಣವಿದು.

2001ರ ನಂತರ ಅದೇ ಆಟ ಮರುಕಳಿಸಿತು. ಉಗ್ರರ ವಿರುದ್ಧದ ಸಮರದ ಹೆಸರಿನಲ್ಲಿ ಕೋಟಿಗಟ್ಟಲೆ ಡಾಲರ್ ಹರಿಯಿತು. 2011ರಲ್ಲಿ ಬಿನ್ ಲಾಡೆನ್ ಸಿಕ್ಕಿದ್ದು ಅಬೊಟ್ಟಾಬಾದಿನಲ್ಲಿ, ಪಾಕಿಸ್ತಾನದ ಸೇನಾ ಅಕಾಡೆಮಿಯ ಹತ್ತಿರ. 2018ರಲ್ಲಿ ಟ್ರಂಪ್ ಆಡಳಿತ ಭದ್ರತಾ ನೆರವನ್ನು ತಡೆಹಿಡಿಯಿತು.

ತಪ್ಪು ಇರುವುದು ಮೊತ್ತದಲ್ಲಲ್ಲ, ಲೆಕ್ಕಾಚಾರದಲ್ಲಿ. ರಾವಲ್ಪಿಂಡಿಯ ಜನರಲ್‌ಗಳಿಗೆ ಮುಖ್ಯ ಶತ್ರು ಎಂದಿಗೂ ಭಾರತವೇ; ವಾಷಿಂಗ್ಟನ್ನಿಗೆ ಅದು ಗೊತ್ತಿಲ್ಲದ ಸಂಗತಿಯೇನಲ್ಲ. ಶತ್ರು ಯಾರೆಂಬುದರಲ್ಲೇ ಒಮ್ಮತವಿಲ್ಲದ ಕಡೆ ಶಸ್ತ್ರ ಕೊಡುವವನು ಅದರ ಗುರಿಯನ್ನೂ ಪಡೆಯುವವನಿಗೇ ಒಪ್ಪಿಸಿದಂತೆ. ಅದರ ಬೆಲೆ ತೆತ್ತವರಲ್ಲಿ ಪಾಕಿಸ್ತಾನದ ಜನರೂ ಇದ್ದಾರೆ: ಅಯೂಬ್, ಜಿಯಾ, ಮುಷರಫ್, ಮೂವರು ಸೇನಾಡಳಿತಗಾರರ ಕಾಲದಲ್ಲೂ ಡಾಲರ್ ಧಾರಾಳವಾಗಿತ್ತು, ಚುನಾಯಿತ ಸರ್ಕಾರಗಳಿಗೆ ಅಷ್ಟು ಉದಾರತೆ ಕಂಡದ್ದು ಅಪರೂಪ.